ಪಾಸ್‌ವರ್ಡ್ ಹುಟ್ಟಿದ್ದು ವಿಶ್ವವಿದ್ಯಾನಿಲಯದಲ್ಲಿ

ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕುವ ಪದ್ಧತಿ, ದಾಖಲೆಗಳು ಹೇಳುವ ಮಟ್ಟಿಗೆ, ಆರಂಭವಾದದ್ದು ಒಂದು ವಿಶ್ವವಿದ್ಯಾನಿಲಯದಲ್ಲಿ. ಅದನ್ನು ಕದ್ದ ಮೊದಲಿಗರಲ್ಲೊಬ್ಬನು ಅದೇ ವಿಶ್ವವಿದ್ಯಾನಿಲಯದ ಸಂಶೋಧನಾ ವಿದ್ಯಾರ್ಥಿ. ಆತನಿಗೆ ಹಣದ ಆಸೆಯಿರಲಿಲ್ಲ. ಪಿಎಚ್.ಡಿ. ಕೆಲಸ ಮುಗಿಸಲು ಯಂತ್ರದ ಮೇಲೆ ಇನ್ನಷ್ಟು ಗಂಟೆಗಳು ಬೇಕಾಗಿದ್ದವು, ಅಷ್ಟೆ.

ಇಂದು ವಿದ್ಯಾರ್ಥಿಯ ಪ್ರವೇಶಾತಿ, ಅಂಕಪಟ್ಟಿ, ಶುಲ್ಕ, ಗ್ರಂಥಾಲಯ, ಸಂಶೋಧಕನ ವರ್ಷಗಟ್ಟಲೆಯ ದುಡಿಮೆ ಎಲ್ಲವೂ ಕಂಪ್ಯೂಟರಿನೊಳಗಿವೆ. ಅದನ್ನು ಭದ್ರವಾಗಿಡುವ ವಿದ್ಯೆಯ ಬಹುಭಾಗ ರೂಪುಗೊಂಡದ್ದು ವಿಶ್ವವಿದ್ಯಾನಿಲಯಗಳ ಆವರಣದಲ್ಲೇ. ಆ ಇತಿಹಾಸವನ್ನು ಓದುತ್ತಾ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಸುಧಾರಣೆಯ ಹೆಚ್ಚಿನ ಹೆಜ್ಜೆಗಳ ಹಿಂದೆ ಒಂದು ಕಳವೋ ಎಡವಟ್ಟೋ ಇದೆ. ಜೊತೆಗೆ ಆ ಎಡವಟ್ಟನ್ನು ಮುಚ್ಚಿಡದೆ ಊರಿಗೆಲ್ಲ ಹೇಳಿದವರೂ ಇದ್ದಾರೆ.

ಒಂದು ಯಂತ್ರ, ಹಲವು ಪಾಲುದಾರರು

1960ರ ಸುಮಾರಿಗೆ ಅಮೇರಿಕದ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲೂ ಕಂಪ್ಯೂಟರೆಂದರೆ ಒಂದು ಕೋಣೆ ತುಂಬುವ ಯಂತ್ರ. ವಿದ್ಯಾರ್ಥಿಯು ತನ್ನ ಲೆಕ್ಕವನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿ ತಯಾರಿಸಿ ಸಿಬ್ಬಂದಿಯ ಕೈಗೆ ಕೊಟ್ಟು ಬರಬೇಕಿತ್ತು. ಉತ್ತರ ಸಿಗುತ್ತಿದ್ದುದು ಹಲವು ಗಂಟೆಗಳ ಬಳಿಕ, ಕೆಲವೊಮ್ಮೆ ಮರುದಿನ. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೆ ಸಾಲಿನಲ್ಲಿ ನಿಲ್ಲಬೇಕು.

ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಅಂದರೆ ಎಂ.ಐ.ಟಿ.ಯ ಫೆರ್ನಾಂಡೋ ಕಾರ್ಬಟೋ ಇದಕ್ಕೊಂದು ದಾರಿ ಕಂಡುಕೊಂಡರು. ಯಂತ್ರವು ಒಬ್ಬನ ಕೆಲಸವನ್ನು ಕ್ಷಣಕಾಲ ಮಾಡಿ ಇನ್ನೊಬ್ಬನತ್ತ, ಮತ್ತೊಬ್ಬನತ್ತ ಹೊರಳುತ್ತಾ ಹೋದರೆ ಟೈಪ್‌ರೈಟರಿನಂಥ ಸಾಧನದ ಮುಂದೆ ಕುಳಿತ ಪ್ರತಿಯೊಬ್ಬನಿಗೂ ಯಂತ್ರ ತನ್ನೊಬ್ಬನದೇ ಎಂದೆನಿಸುತ್ತದೆ. 1961ರ ನವೆಂಬರಿನಲ್ಲಿ ಅವರ ತಂಡ ಇದನ್ನು ಐ.ಬಿ.ಎಂ. ಕಂಪೆನಿಯ ಯಂತ್ರವೊಂದರ ಮೇಲೆ ಮಾಡಿ ತೋರಿಸಿತು. ಈ ವ್ಯವಸ್ಥೆಗೆ ಸಿ.ಟಿ.ಎಸ್.ಎಸ್. ಎಂದು ಹೆಸರು.

ಪಾಲಾದ ಯಂತ್ರದಲ್ಲಿ ಎಲ್ಲರ ಕಡತಗಳೂ ಒಟ್ಟಿಗಿರುತ್ತವೆ. ಯಾರ ಕಡತ ಯಾರದು, ಯಾರು ಎಷ್ಟು ಹೊತ್ತು ಬಳಸಿದರು ಎಂಬ ಲೆಕ್ಕ ಬೇಕು. ಅದಕ್ಕೆ ಕಾರ್ಬಟೋ ಆರಿಸಿಕೊಂಡದ್ದು ಪ್ರತಿಯೊಬ್ಬನಿಗೂ ಒಂದು ಗುಟ್ಟಿನ ಪದ. ಅದನ್ನು ಒಂದು ದೊಡ್ಡ ಭದ್ರತಾ ಯೋಜನೆಯೆಂದು ಯಾರೂ ಭಾವಿಸಿರಲಿಲ್ಲ. ಹಾಸ್ಟೆಲಿನ ಕಪಾಟಿಗೆ ಹಾಕುವ ಸಣ್ಣ ಬೀಗದಂತೆ ಅದು. ಎಲ್ಲರ ಗುಟ್ಟಿನ ಪದಗಳನ್ನೂ ಯಥಾವತ್ತಾಗಿ ಒಂದೇ ಕಡತದಲ್ಲಿ ಬರೆದಿಡಲಾಗಿತ್ತು.

ಅಲನ್ ಷೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ನಾಲ್ಕು ಗಂಟೆಗಳ ಕಾಲಾವಕಾಶ ಮಂಜೂರಾಗಿತ್ತು. ಅದು ಸಾಲುತ್ತಿರಲಿಲ್ಲ. ಯಾವುದಾದರೊಂದು ಕಡತವನ್ನು ಮುದ್ರಿಸಬೇಕಿದ್ದರೆ ಅದರ ಹೆಸರನ್ನು ಕಾರ್ಡಿನಲ್ಲಿ ಕೊರೆದು ಕೊಟ್ಟರೆ ಸಾಕೆಂಬುದು ಆತನಿಗೆ ಗೊತ್ತಿತ್ತು. 1962ರ ವಸಂತದ ಒಂದು ಶುಕ್ರವಾರ ರಾತ್ರಿ ಆತ ಪಾಸ್‌ವರ್ಡ್ ಕಡತದ ಹೆಸರನ್ನೇ ಕೊರೆದು ಕೊಟ್ಟ. ಶನಿವಾರ ಬೆಳಿಗ್ಗೆ ಹೋಗಿ ಮುದ್ರಿತ ಪ್ರತಿಯನ್ನು ತೆಗೆದುಕೊಂಡು ಬಂದ. ಯಾವ ಬೀಗವನ್ನೂ ಒಡೆಯಬೇಕಾಗಲಿಲ್ಲ! ಅಪವಾದ ತನ್ನೊಬ್ಬನ ಮೇಲೆ ಬರಬಾರದೆಂದು ಆ ಪಟ್ಟಿಯನ್ನು ಇತರರಿಗೂ ಹಂಚಿದ. ಹಾಗೆ ಪಡೆದವರಲ್ಲಿ ಜೆ.ಸಿ.ಆರ್. ಲಿಕ್‌ಲೈಡರ್ ಸಹ ಒಬ್ಬರು ಎಂದು ಷೆರ್ ಮುಂದೆ ಬರೆದಿದ್ದಾರೆ. ಲಿಕ್‌ಲೈಡರ್ ಸಾಮಾನ್ಯರಲ್ಲ, ಇಂಟರ್‌ನೆಟ್ಟಿನ ಕಲ್ಪನೆಗೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು. ಅವರು ಪ್ರಯೋಗಾಲಯದ ನಿರ್ದೇಶಕರ ಖಾತೆಯನ್ನು ಹೊಕ್ಕು ಕೀಟಲೆಯ ಸಂದೇಶಗಳನ್ನು ಬಿಟ್ಟು ಬರುತ್ತಿದ್ದರಂತೆ. ಷೆರ್ ಈ ಗುಟ್ಟನ್ನು ಬಿಟ್ಟುಕೊಟ್ಟದ್ದು ಸುಮಾರು ಕಾಲು ಶತಮಾನದ ಬಳಿಕ.

ಎರಡನೆಯ ಪ್ರಕರಣದಲ್ಲಿ ಕಳ್ಳನೇ ಇರಲಿಲ್ಲ. 1960ರ ದಶಕದ ಮಧ್ಯಭಾಗದಲ್ಲಿ ಒಂದು ಸಂಜೆ, ಸಿ.ಟಿ.ಎಸ್.ಎಸ್. ಪ್ರವೇಶಿಸಿದವರಿಗೆಲ್ಲ ದಿನದ ಪ್ರಕಟಣೆಯ ಬದಲು ಎಲ್ಲರ ಹೆಸರು ಮತ್ತು ಪಾಸ್‌ವರ್ಡುಗಳ ಪೂರ್ತಿ ಪಟ್ಟಿ ಮುದ್ರಣವಾಗಿ ಬರತೊಡಗಿತು. ಆದದ್ದಿಷ್ಟೆ: ಒಂದೇ ಖಾತೆಯಲ್ಲಿ ಒಬ್ಬರು ಪ್ರಕಟಣೆಯನ್ನು ತಿದ್ದುತ್ತಿದ್ದರು, ಇನ್ನೊಬ್ಬರು ಪಾಸ್‌ವರ್ಡ್ ಕಡತವನ್ನು ತಿದ್ದುತ್ತಿದ್ದರು. ತಿದ್ದುವ ತಂತ್ರಾಂಶವು ಎರಡಕ್ಕೂ ಒಂದೇ ತಾತ್ಕಾಲಿಕ ಹೆಸರು ಕೊಟ್ಟದ್ದರಿಂದ ಎರಡೂ ಅದಲುಬದಲಾದವು. ಒಂದು ಖಾತೆಯಲ್ಲಿ ಏಕಕಾಲಕ್ಕೆ ಒಬ್ಬನೇ ಕೆಲಸ ಮಾಡುತ್ತಾನೆಂದು ತಂತ್ರಾಂಶ ಬರೆದವರು ನಂಬಿದ್ದರು. ಇದನ್ನು ಕಂಡ ಬಳಕೆದಾರನೊಬ್ಬ ಸಮಯಪ್ರಜ್ಞೆಯಿಂದ ಯಂತ್ರವನ್ನೇ ಕೆಡಿಸಿ ನಿಲ್ಲಿಸಿದ. ಆ ಮೇಲೆ ಎಲ್ಲರ ಪಾಸ್‌ವರ್ಡುಗಳನ್ನೂ ಬದಲಿಸಬೇಕಾಯಿತು.

ಕಾರ್ಬಟೋ ಅವರಿಗೆ 1990ರ ಟ್ಯೂರಿಂಗ್ ಪ್ರಶಸ್ತಿ ಬಂತು. ಕಂಪ್ಯೂಟರ್ ವಿಜ್ಞಾನದಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿಯಿಲ್ಲ. ಸ್ವೀಕಾರ ಭಾಷಣಕ್ಕೆ ಅವರು ಆರಿಸಿಕೊಂಡ ವಿಷಯ, ಸೋಲಲಿರುವ ವ್ಯವಸ್ಥೆಗಳನ್ನು ಕಟ್ಟುವುದು ಹೇಗೆ ಎಂಬುದು. ಅದರಲ್ಲಿ ಈ ಪಾಸ್‌ವರ್ಡ್ ಪಟ್ಟಿಯ ಪ್ರಸಂಗವನ್ನು ತಾವೇ ವಿವರಿಸಿದರು. ತನ್ನ ಕೀರ್ತಿಯ ವೇದಿಕೆಯಲ್ಲಿ ನಿಂತು ತನ್ನ ವ್ಯವಸ್ಥೆಯ ಹುಳುಕನ್ನು ಹೇಳುವ ಎದೆಗಾರಿಕೆ ಎಷ್ಟು ಮಂದಿಗಿದೆ?

ಹಿಟ್ಟು ಮತ್ತು ಉಪ್ಪು

ಗುಟ್ಟಿನ ಪದವನ್ನು ಹಾಗೆಯೇ ಬರೆದಿಟ್ಟರೆ ಒಂದಲ್ಲ ಒಂದು ದಿನ ಅದು ಹೊರಬೀಳುತ್ತದೆ. ಇದಕ್ಕೆ ಉಪಾಯ ಹುಡುಕಿದ್ದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ರೋಜರ್ ನೀಡ್‌ಹ್ಯಾಮ್ ಮತ್ತವರ ಸಹೋದ್ಯೋಗಿಗಳು. ಅಕ್ಕಿಯನ್ನು ಬೀಸಿ ಹಿಟ್ಟು ಮಾಡಬಹುದು, ಹಿಟ್ಟನ್ನು ಮತ್ತೆ ಅಕ್ಕಿ ಮಾಡಲಾಗದು. ಅದರಂತೆ ಪಾಸ್‌ವರ್ಡನ್ನು ಗಣಿತದ ಬೀಸುಕಲ್ಲಿಗೆ ಹಾಕಿ ಬಂದ 'ಹಿಟ್ಟನ್ನು' ಮಾತ್ರ ಕಡತದಲ್ಲಿಡುವುದು. ಬಳಕೆದಾರ ಬಂದಾಗ ಅವನು ಕೊಟ್ಟ ಪದವನ್ನೂ ಬೀಸಿ ಎರಡು ಹಿಟ್ಟುಗಳನ್ನು ಹೋಲಿಸಿದರಾಯಿತು. ಕಡತ ಕಳವಾದರೂ ಕಳ್ಳನಿಗೆ ಅಕ್ಕಿ ಸಿಗದು. 1968ರಲ್ಲಿ ಮಾರಿಸ್ ವಿಲ್ಕ್ಸ್ ತಮ್ಮ ಪುಸ್ತಕದಲ್ಲಿ ಈ ವಿಧಾನವನ್ನು ಪ್ರಕಟಿಸಿದರು.

ಬೆಲ್ ಪ್ರಯೋಗಾಲಯದ ಯುನಿಕ್ಸ್ ವ್ಯವಸ್ಥೆ ಇದನ್ನು ಅಳವಡಿಸಿಕೊಂಡು ವಿಶ್ವವಿದ್ಯಾನಿಲಯಗಳಿಗೆ ಹರಡಿತು. ಆದರೆ 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಬರೆದ ಲೇಖನ ಎಲ್ಲರ ಕಣ್ಣು ತೆರೆಸಿತು. ಅವರು ಪರಿಶೀಲಿಸಿದ 3,289 ಪಾಸ್‌ವರ್ಡುಗಳಲ್ಲಿ 2,831, ಅಂದರೆ ಶೇ. 86ರಷ್ಟು ಸುಲಭವಾಗಿ ಊಹಿಸಬಹುದಾದವು! ಒಂದೇ ಅಕ್ಷರದವು, ಎರಡು ಅಕ್ಷರದವು, ನಿಘಂಟಿನ ಪದಗಳು. ಬೀಗ ಎಷ್ಟು ಗಟ್ಟಿಯಾದರೇನು, ಕೀಲಿಕೈಯನ್ನು ಹೊಸ್ತಿಲಲ್ಲೇ ಇಟ್ಟರೆ? ಬೀಸುವ ಮೊದಲು ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆ ಅಂಕಿಗಳನ್ನು ಬೆರೆಸುವ ಪರಿಹಾರವನ್ನು ಇಬ್ಬರೂ ಮುಂದಿಟ್ಟರು. ಇದರಿಂದ ಇಬ್ಬರು ಒಂದೇ ಪದವನ್ನು ಆರಿಸಿದ್ದರೂ ಹಿಟ್ಟು ಬೇರೆ ಬೇರೆಯಾಗುತ್ತದೆ. ಬೆರೆಸುವ ಆ ವಸ್ತುವಿಗೆ ಅವರಿಟ್ಟ ಹೆಸರು 'ಸಾಲ್ಟ್', ಅಂದರೆ ಉಪ್ಪು. ಇಂದಿಗೂ ಅದೇ ಹೆಸರು ಬಳಕೆಯಲ್ಲಿದೆ.

ಈ ಮಾರಿಸ್ ಅವರ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಮೂರು ತಲೆಯ ನಾಯಿ

1983ರ ಮೇ ತಿಂಗಳಲ್ಲಿ ಎಂ.ಐ.ಟಿ. 'ಪ್ರಾಜೆಕ್ಟ್ ಅಥೀನಾ' ಎಂಬ ಯೋಜನೆಯನ್ನು ಪ್ರಾರಂಭಿಸಿತು. ಐ.ಬಿ.ಎಂ. ಮತ್ತು ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪೆನಿಗಳು ಯಂತ್ರಗಳನ್ನೂ ಹಣವನ್ನೂ ಕೊಟ್ಟವು. ವಿದ್ಯಾರ್ಥಿಯು ಆವರಣದ ಯಾವ ಕಟ್ಟಡದ ಯಾವ ಯಂತ್ರದ ಮುಂದೆ ಕುಳಿತರೂ ತನ್ನದೇ ಕಡತಗಳು, ತನ್ನದೇ ಅಂಚೆ ಕಾಣಬೇಕು ಎಂಬುದು ಉದ್ದೇಶ. ಇಂದು ಇದು ಸಹಜವೆನಿಸುತ್ತದೆ. ಅಂದು ಸಾವಿರಾರು ವಿದ್ಯಾರ್ಥಿಗಳಿಗೆ ಇಂಥ ಸೌಲಭ್ಯ ಒದಗಿಸುವುದು ಸಾಹಸವೇ ಆಗಿತ್ತು. 1991ರವರೆಗೆ ನಡೆದ ಈ ಯೋಜನೆ ವಿಶ್ವವಿದ್ಯಾನಿಲಯಗಳ ಮಾಹಿತಿ ತಂತ್ರಜ್ಞಾನದ ಇತಿಹಾಸದಲ್ಲಿ ಒಂದು ಮೈಲುಗಲ್ಲು.

ಹಳೆಯ ಏಕಯಂತ್ರದ ಕಾಲದಲ್ಲಿ ಯಂತ್ರ ಬೀಗ ಹಾಕಿದ ಕೋಣೆಯೊಳಗಿತ್ತು. ಈಗ ಯಂತ್ರಗಳು ಎಲ್ಲರ ಕೈಗೆ ಸಿಗುವಂತಿದ್ದವು. ಚತುರ ವಿದ್ಯಾರ್ಥಿ ಯಂತ್ರವನ್ನೇ ತನ್ನ ವಶಕ್ಕೆ ತೆಗೆದುಕೊಳ್ಳಬಹುದು. ತಂತಿಯಲ್ಲಿ ಹರಿಯುವ ಇತರರ ಪಾಸ್‌ವರ್ಡನ್ನು ಕದ್ದು ನೋಡಬಹುದು. ಅಥೀನಾದವರ ಜಾಣತನವಿರುವುದು ಇಲ್ಲಿಯೇ. ಸಾರ್ವಜನಿಕ ಯಂತ್ರಗಳನ್ನು ರಕ್ಷಿಸುವ ವ್ಯರ್ಥ ಪ್ರಯತ್ನಕ್ಕೆ ಅವರು ಕೈಹಾಕಲಿಲ್ಲ. ಆ ಯಂತ್ರಗಳ ಮುಖ್ಯ ಪಾಸ್‌ವರ್ಡ್ ಎಲ್ಲರಿಗೂ ತಿಳಿದ ಗುಟ್ಟಾಗಿತ್ತು. ಯಂತ್ರವನ್ನೂ ನಂಬಬಾರದು, ತಂತಿಯನ್ನೂ ನಂಬಬಾರದು ಎಂದಿಟ್ಟುಕೊಂಡೇ ಅವರು ಲೆಕ್ಕ ಹಾಕಿದರು.

ಹಾಗೆ ಹುಟ್ಟಿದ್ದು 'ಕರ್ಬರೋಸ್'. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು ಅದು. ಇದರಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಹೋಗುವುದೇ ಇಲ್ಲ. ವಿಶ್ವವಿದ್ಯಾನಿಲಯದ ಒಂದು ಭದ್ರವಾದ ಕೋಣೆಯಲ್ಲಿರುವ ಯಂತ್ರವು ವಿದ್ಯಾರ್ಥಿಗೆ ಗೂಢಲಿಪಿಯಲ್ಲಿ ಒಂದು ಚೀಟಿಯನ್ನು ಕಳುಹಿಸುತ್ತದೆ. ಸರಿಯಾದ ಪಾಸ್‌ವರ್ಡ್ ಗೊತ್ತಿದ್ದವನಿಗೆ ಮಾತ್ರ ಅದನ್ನು ಬಿಡಿಸಲು ಸಾಧ್ಯ. ಬಸ್ ಪಾಸ್ ತೋರಿಸಿ ಬಸ್ ಹತ್ತುವಂತೆ ಆ ಚೀಟಿಯ ಬಲದಿಂದ ಅಂಚೆ, ಕಡತ, ಮುದ್ರಣ ಎಲ್ಲ ಸೇವೆಗಳನ್ನೂ ಪಡೆಯಬಹುದು. ಕೆಲವು ಗಂಟೆಗಳ ಬಳಿಕ ಪಾಸಿನ ಅವಧಿ ಮುಗಿಯುತ್ತದೆ. ನೀಡ್‌ಹ್ಯಾಮ್ ಮತ್ತು ಮೈಕೆಲ್ ಶ್ರೋಡರ್ 1978ರಲ್ಲಿ ಪ್ರಕಟಿಸಿದ್ದ ವಿಚಾರವೇ ಇದಕ್ಕೆ ಮೂಲ.

ಈ ವ್ಯವಸ್ಥೆಯನ್ನು ವಿವರಿಸಲು ಯೋಜನೆಯ ಬಿಲ್ ಬ್ರಯಾಂಟ್ 1988ರಲ್ಲಿ ನಾಲ್ಕು ದೃಶ್ಯಗಳ ಒಂದು ನಾಟಕವನ್ನೇ ಬರೆದರು! ಅಥೀನಾ ಎಂಬವಳು ಒಂದು ವಿನ್ಯಾಸ ಮಾಡಿ ತರುತ್ತಾಳೆ, ಯೂರಿಪಿಡೀಸ್ ಎಂಬವನು ಅದರ ಹುಳುಕು ಹೇಳುತ್ತಾನೆ. ಅವಳು ಗೊಣಗುತ್ತಾ ಹೋಗಿ ತಿದ್ದಿ ತರುತ್ತಾಳೆ, ಅವನು ಮತ್ತೊಂದು ಹುಳುಕು ತೆಗೆಯುತ್ತಾನೆ. ಕೊನೆಗೆ ಕರ್ಬರೋಸ್ ಸಿದ್ಧವಾಗುತ್ತದೆ. ತಾಂತ್ರಿಕ ಕೈಪಿಡಿಗಳ ಒಣ ಭಾಷೆಗೆ ಹೆದರುವವರು ಇದನ್ನೊಮ್ಮೆ ಓದಬೇಕು.

ಎಂ.ಐ.ಟಿ. ತನ್ನ ಈ ಸೊತ್ತನ್ನು ಪುಕ್ಕಟೆಯಾಗಿ ಹಂಚಿತು. ಆದರೆ ಅಮೇರಿಕದ ಸರಕಾರ ಅಡ್ಡ ಬಂತು. ಗೂಢಲಿಪಿಯನ್ನು ಅದು ಮದ್ದುಗುಂಡುಗಳ ಸಾಲಿಗೆ ಸೇರಿಸಿತ್ತು, ರಫ್ತಿಗೆ ಅನುಮತಿ ಬೇಕಿತ್ತು. ಹಾಗಾಗಿ ಗೂಢಲಿಪಿಯ ಭಾಗವನ್ನೆಲ್ಲ ಕಿತ್ತು ತೆಗೆದು ಉಳಿದದ್ದನ್ನು ಹೊರದೇಶಗಳಿಗೆ ಕೊಡಲಾಯಿತು. ನಾಯಿಯ ಮೈಮಾಂಸ ಹೋಗಿ ಉಳಿದ ಅದಕ್ಕೆ 'ಬೋನ್ಸ್', ಅಂದರೆ ಎಲುಬು ಎಂದೇ ಹೆಸರಿಟ್ಟರು. ಆಸ್ಟ್ರೇಲಿಯಾದ ಎರಿಕ್ ಯಂಗ್ ಆ ಎಲುಬಿಗೆ ಮತ್ತೆ ಮಾಂಸ ತುಂಬಿದರು. ಸ್ವೀಡನ್ನಿನ ತಾಂತ್ರಿಕ ವಿಶ್ವವಿದ್ಯಾನಿಲಯವೊಂದರಲ್ಲಿ ತಮ್ಮದೇ ಆವೃತ್ತಿಯನ್ನು ತಯಾರಿಸಿಕೊಂಡರು. 2000ದಲ್ಲಿ ಅಮೇರಿಕ ನಿಯಮ ಸಡಿಲಿಸಿತು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ವಿಂಡೋಸಿನಲ್ಲಿ ಕರ್ಬರೋಸನ್ನು ಸೇರಿಸಿತು. ಹೀಗೆ ವಿದ್ಯಾರ್ಥಿಗಳ ಕಡತ ಕಾಯಲು ಹುಟ್ಟಿದ ನಾಯಿ ಇಂದು ಲೋಕದ ಅಸಂಖ್ಯಾತ ಕಚೇರಿಗಳ ಬಾಗಿಲು ಕಾಯುತ್ತಿದೆ.

ಅಪ್ಪನ ಪಾಠ, ಮಗನ ಹುಳು

1988ರ ನವೆಂಬರ್ 2, ಬುಧವಾರ ಸಂಜೆ. ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧನಾ ವಿದ್ಯಾರ್ಥಿಯೊಬ್ಬ ತಾನು ಬರೆದ ಒಂದು ಸಣ್ಣ ತಂತ್ರಾಂಶವನ್ನು, ಮೂಲ ತಿಳಿಯದಿರಲೆಂದು ಎಂ.ಐ.ಟಿ.ಯ ಯಂತ್ರವೊಂದರಿಂದ ಜಾಲಕ್ಕೆ ಬಿಟ್ಟ. ಅದು ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತಾ ಯಂತ್ರದಿಂದ ಯಂತ್ರಕ್ಕೆ ಹರಿಯತೊಡಗಿತು. ಕಡತಗಳನ್ನು ಅಳಿಸುವ ಉದ್ದೇಶ ಅದಕ್ಕಿರಲಿಲ್ಲ. ಆದರೆ ಒಂದೇ ಯಂತ್ರವನ್ನು ಮತ್ತೆ ಮತ್ತೆ ಹೊಕ್ಕು ಉಸಿರುಗಟ್ಟಿಸುತ್ತಿತ್ತು. ಆಗ ಜಾಲದಲ್ಲಿದ್ದ ಅಂದಾಜು 60,000 ಯಂತ್ರಗಳ ಪೈಕಿ 6,000 ಯಂತ್ರಗಳು ಸೋಂಕಿಗೊಳಗಾದವೆಂದು ಹೇಳಲಾಗುತ್ತದೆ. ಈ ಅಂಕಿ ಎಣಿಸಿ ತೆಗೆದದ್ದಲ್ಲ, ಊಹೆ. ಹೆಚ್ಚಿನವು ವಿಶ್ವವಿದ್ಯಾನಿಲಯಗಳವು.

ಆ ವಿದ್ಯಾರ್ಥಿಯ ಹೆಸರು ರಾಬರ್ಟ್ ಟ್ಯಾಪನ್ ಮಾರಿಸ್. 1979ರ ಲೇಖನ ಬರೆದ ಮಾರಿಸ್ ಅವರ ಮಗ! ಮಗನ ಹುಳು ಯಂತ್ರಗಳನ್ನು ಹೊಕ್ಕ ದಾರಿಗಳಲ್ಲಿ ಒಂದು ಪಾಸ್‌ವರ್ಡ್ ಊಹಿಸುವುದಾಗಿತ್ತು. ಅದಕ್ಕಾಗಿ 432 ಪದಗಳ ಒಂದು ಪಟ್ಟಿ ಅದರಲ್ಲಿತ್ತು. ಜನರು ಸುಲಭದ ಪದಗಳನ್ನೇ ಆರಿಸುತ್ತಾರೆಂದು ಅಪ್ಪ ಒಂಬತ್ತು ವರ್ಷಗಳ ಹಿಂದೆಯೇ ಎಚ್ಚರಿಸಿದ್ದರು. ವಿಶ್ವವಿದ್ಯಾನಿಲಯಗಳು ಅದನ್ನು ಓದಿದ್ದವು, ಪಾಲಿಸಿರಲಿಲ್ಲ. ಆಗ ಅಪ್ಪ ಅಮೇರಿಕ ಸರಕಾರದ ಕಂಪ್ಯೂಟರ್ ಭದ್ರತಾ ಕೇಂದ್ರದ ಮುಖ್ಯ ವಿಜ್ಞಾನಿ.

ಆ ರಾತ್ರಿ ನಡೆದ ಇನ್ನೊಂದು ಸಂಗತಿಯೂ ಮುಖ್ಯ. ಬರ್ಕ್ಲಿ, ಎಂ.ಐ.ಟಿ., ಪರ್ಡ್ಯೂ ಮೊದಲಾದ ವಿಶ್ವವಿದ್ಯಾನಿಲಯಗಳ ತಜ್ಞರು ನಿದ್ದೆಗೆಟ್ಟು ಹುಳುವನ್ನು ಬಿಡಿಸಿ ನೋಡಿ, ತೂತು ಮುಚ್ಚುವ ತೇಪೆಗಳನ್ನು ಒಂದೆರಡು ದಿನಗಳಲ್ಲೇ ಸಿದ್ಧಪಡಿಸಿ ಜಾಲದಲ್ಲಿ ಹಂಚಿದರು. ಆದರೆ ಹೆದರಿ ಜಾಲದ ಸಂಪರ್ಕವನ್ನೇ ಕಡಿದುಕೊಂಡಿದ್ದ ಸಂಸ್ಥೆಗಳಿಗೆ ಆ ಮದ್ದು ತಲುಪಲಿಲ್ಲ. ಬಾಗಿಲು ಮುಚ್ಚಿದವರಿಗೆ ರೋಗ ಒಳಗೇ ಉಳಿಯಿತು, ವೈದ್ಯ ಹೊರಗುಳಿದ.

ಕಾರ್ನೆಲ್ ತನ್ನ ವಿದ್ಯಾರ್ಥಿಯ ಕೃತ್ಯದ ಬಗ್ಗೆ ತಾನೇ ತನಿಖೆ ನಡೆಸಿ 1989ರಲ್ಲಿ ವರದಿ ಪ್ರಕಟಿಸಿತು. 1990ರಲ್ಲಿ ನ್ಯಾಯಾಲಯ ಮಾರಿಸ್‌ಗೆ ಮೂರು ವರ್ಷಗಳ ಸನ್ನಡತೆಯ ನಿಗಾ, 400 ಗಂಟೆಗಳ ಸಮಾಜಸೇವೆ ಮತ್ತು 10,050 ಡಾಲರ್ ದಂಡ ವಿಧಿಸಿತು. ಹುಳು ಹರಿದ ಅದೇ ತಿಂಗಳಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ 'ಸರ್ಟ್' ಎಂಬ ತುರ್ತು ನೆರವಿನ ಕೇಂದ್ರ ಸ್ಥಾಪನೆಯಾಯಿತು. ನಮ್ಮ ದೇಶದಲ್ಲಿ 2004ರಿಂದ ಕೆಲಸ ಮಾಡುತ್ತಿರುವ 'ಸರ್ಟ್-ಇನ್' ಅದೇ ಮಾದರಿಯದು. ಶಿಕ್ಷೆ ಮುಗಿಸಿದ ಮಾರಿಸ್ ಮುಂದೆ ಎಂ.ಐ.ಟಿ.ಯಲ್ಲೇ ಪ್ರಾಧ್ಯಾಪಕರಾದರು.

ಬೆಂಗಳೂರಿಗೆ ಬಂದ ಜಾಲ

ಭಾರತದಲ್ಲೂ ಕಂಪ್ಯೂಟರ್ ಜಾಲ ಮೊದಲು ಬೇರೂರಿದ್ದು ಶಿಕ್ಷಣ ಸಂಸ್ಥೆಗಳಲ್ಲಿ. 1986ರಲ್ಲಿ ಕೇಂದ್ರ ಸರಕಾರದ ಇಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ 'ಅರ್ನೆಟ್' ಯೋಜನೆಯನ್ನು ಆರಂಭಿಸಿತು. ದಿಲ್ಲಿ, ಮುಂಬಯಿ, ಕಾನ್ಪುರ, ಖರಗ್‌ಪುರ, ಮದ್ರಾಸುಗಳ ಐದು ಐ.ಐ.ಟಿ.ಗಳು, ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ಕೇಂದ್ರ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವತಃ ಇಲಾಖೆ ಅದರ ಮೊದಲ ಪಾಲುದಾರರು. ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದಕ್ಕೆ ವರ್ಷಗಳ ಮೊದಲೇ ಬೆಂಗಳೂರಿನ ವಿಜ್ಞಾನಿಗಳು ವಿದೇಶದ ಸಹೋದ್ಯೋಗಿಗಳಿಗೆ ಇಮೇಲ್ ಬರೆಯುತ್ತಿದ್ದರು.

ಇಂದು ಕರ್ನಾಟಕದ ಸರಕಾರಿ ವಿಶ್ವವಿದ್ಯಾನಿಲಯಗಳಿಗೆ ಪ್ರವೇಶಾತಿಯಿಂದ ಫಲಿತಾಂಶದವರೆಗಿನ ಕೆಲಸಗಳಿಗಾಗಿ 'ಯು.ಯು.ಸಿ.ಎಂ.ಎಸ್.' ಎಂಬ ಏಕೀಕೃತ ವ್ಯವಸ್ಥೆಯಿದೆ. ಕಚೇರಿಯಿಂದ ಕಚೇರಿಗೆ ಅಲೆಯುವ ಕಷ್ಟ ಇದರಿಂದ ತಪ್ಪಬಹುದು. ಆದರೆ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟಾಗ ಪೆಟ್ಟಿಗೆಯ ಬೀಗದ ಚಿಂತೆಯೂ ಅಷ್ಟೇ ದೊಡ್ಡದಾಗುತ್ತದೆ. ಹಳ್ಳಿಯ ಬಡ ವಿದ್ಯಾರ್ಥಿನಿಯೊಬ್ಬಳ ಜಾತಿ, ಆದಾಯ, ಫೋನ್ ಸಂಖ್ಯೆ, ಅಂಕ ಎಲ್ಲವೂ ಇಂಥ ಪೆಟ್ಟಿಗೆಗಳಲ್ಲಿವೆ. ಅದು ಸೋರಿದರೆ ನಷ್ಟ ಅನುಭವಿಸುವವಳು ಅವಳು. ಸೋರಿದೆ ಎಂದು ಅವಳಿಗೆ ಹೇಳುವವರು ಯಾರು? 2022ರಲ್ಲಿ ಸರ್ಟ್-ಇನ್, ಇಂಥ ಘಟನೆಗಳನ್ನು ಆರು ಗಂಟೆಗಳೊಳಗೆ ತನಗೆ ವರದಿ ಮಾಡಬೇಕೆಂದು ಆದೇಶಿಸಿತು. ಸಂಬಂಧಪಟ್ಟ ವ್ಯಕ್ತಿಗೂ ತಿಳಿಸಬೇಕೆಂಬ ಕಲಮು 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯಿದೆಯಲ್ಲಿದೆ. ಕಾಗದದ ಮೇಲೆ ಇವು ಚೆನ್ನಾಗಿವೆ. ಆದರೆ ಸಂಸ್ಥೆಯ ಮಾನ ಹೋದೀತೆಂಬ ಭಯವೇ ನಮ್ಮ ಕಚೇರಿಗಳಲ್ಲಿ ಎಲ್ಲ ಕಾನೂನುಗಳಿಗಿಂತ ಬಲವಾದದ್ದು. ಆ ಭಯವನ್ನು ಮೀರಿದ ವಿಶ್ವವಿದ್ಯಾನಿಲಯವೊಂದರ ಉದಾಹರಣೆ ನೆದರ್‌ಲ್ಯಾಂಡ್ಸಿನಲ್ಲಿದೆ.

ಮಾಸ್ಟ್ರಿಕ್ಟ್ ಹೇಳಿದ್ದು

2019ರ ಡಿಸೆಂಬರ್ 23. ಮಾಸ್ಟ್ರಿಕ್ಟ್ ವಿಶ್ವವಿದ್ಯಾನಿಲಯ ಕ್ರಿಸ್ಮಸ್ ರಜೆಯಲ್ಲಿತ್ತು. ಅಂದು ಸಂಜೆ ಅದರ 267 ಸರ್ವರುಗಳಲ್ಲಿದ್ದ ಕಡತಗಳಿಗೆ ದುಷ್ಕರ್ಮಿಗಳು ಗೂಢಲಿಪಿಯ ಬೀಗ ಜಡಿದು ಹಣ ಕೇಳಿದರು. ಅವರು ಒಳಹೊಕ್ಕದ್ದು ಅಂದೇ ಅಲ್ಲ. ಎರಡು ತಿಂಗಳ ಹಿಂದೆ, ಅಕ್ಟೋಬರಿನಲ್ಲಿ ಬಂದ ಮೋಸದ ಇಮೇಲಿನ ಕೊಂಡಿಯೊಂದನ್ನು ಯಾರೋ ಒತ್ತಿದ್ದರು. ಕೆಲವು ಸರ್ವರುಗಳಿಗೆ ಹಾಕಬೇಕಿದ್ದ ಭದ್ರತಾ ತೇಪೆ ಹಾಕದೆ ಉಳಿದಿತ್ತು. ಅಲ್ಲಿಂದ ಅವರು ಮೆಲ್ಲಮೆಲ್ಲನೆ ಇಡೀ ಜಾಲದ ಯಜಮಾನಿಕೆ ಪಡೆದಿದ್ದರು. ತೊಂದರೆಯಾದರೆ ಇರಲೆಂದು ತೆಗೆದಿಟ್ಟಿದ್ದ ನಕಲುಗಳಲ್ಲಿ ಕೆಲವು ಅದೇ ಜಾಲದಲ್ಲಿದ್ದುದರಿಂದ ಅವಕ್ಕೂ ಬೀಗ ಬಿತ್ತು.

ಜನವರಿಯಲ್ಲಿ ಪರೀಕ್ಷೆ. ಸಂಶೋಧಕರ ವರ್ಷಗಳ ಶ್ರಮ ಬೀಗದೊಳಗೆ. ಹಣ ಕೊಟ್ಟರೆ ಅಪರಾಧಿಗಳನ್ನು ಪೋಷಿಸಿದಂತೆ, ಕೊಡದಿದ್ದರೆ ತಿಂಗಳುಗಟ್ಟಲೆ ವಿಶ್ವವಿದ್ಯಾನಿಲಯ ನಿಂತಂತೆ. ಆಡಳಿತವು ಡಿಸೆಂಬರ್ ಕೊನೆಗೆ 30 ಬಿಟ್‌ಕಾಯಿನ್, ಅಂದರೆ ಸುಮಾರು ಎರಡು ಲಕ್ಷ ಯೂರೋ ತೆತ್ತಿತು. ಆ ನಿರ್ಧಾರ ಸರಿಯೇ ಎಂಬ ಬಗ್ಗೆ ಭಿನ್ನಾಭಿಪ್ರಾಯಕ್ಕೆ ಅವಕಾಶವಿದೆ. ನನಗಂತೂ ಅದು ಕೆಟ್ಟ ಪೂರ್ವನಿದರ್ಶನವೆಂದೇ ಅನಿಸುತ್ತದೆ.

ಆದರೆ ಬಳಿಕ ಅವರು ಮಾಡಿದ್ದನ್ನು ಮೆಚ್ಚದಿರಲಾಗದು. 2020ರ ಫೆಬ್ರವರಿ 5ರಂದು ವಿಚಾರಸಂಕಿರಣ ಕರೆದು, ತನಿಖಾ ಸಂಸ್ಥೆಯ ವರದಿಯನ್ನು ಸಾರ್ವಜನಿಕರ ಮುಂದಿಟ್ಟರು. ಯಾವ ಇಮೇಲ್, ಯಾವ ದಿನ, ಎಲ್ಲಿ ತೇಪೆ ಹಾಕಿರಲಿಲ್ಲ, ಎಷ್ಟು ಹಣ ಕೊಟ್ಟೆವು ಎಂಬುದೆಲ್ಲ ಅಲ್ಲಿ ಬಯಲಾಯಿತು. ಇತರ ವಿಶ್ವವಿದ್ಯಾನಿಲಯಗಳು ಅದನ್ನು ಕೈಯಲ್ಲಿ ಹಿಡಿದು ತಮ್ಮ ಬಾಗಿಲುಗಳನ್ನು ಪರೀಕ್ಷಿಸಿಕೊಳ್ಳುವಂತಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಡಚ್ ಪೊಲೀಸರು ಹಣದ ಜಾಡು ಹಿಡಿದು, ಉಕ್ರೇನಿನ ಒಬ್ಬನ ಖಾತೆಯಲ್ಲಿ ಅದರ ಒಂದು ಪಾಲನ್ನು ಪತ್ತೆಹಚ್ಚಿ ತಡೆಹಿಡಿದರು. ಆಗ ಅದರ ಬೆಲೆ ಸುಮಾರು 40,000 ಯೂರೋ. ಬಿಟ್‌ಕಾಯಿನ್ ಬೆಲೆಯೇರಿ 2022ರ ಹೊತ್ತಿಗೆ ಅದು ಸುಮಾರು ಐದು ಲಕ್ಷ ಯೂರೋ ಆಗಿತ್ತು. ಕೊಟ್ಟದ್ದರ ಎರಡು ಪಟ್ಟಿಗೂ ಹೆಚ್ಚು! ಆ ಹಣ ಕಂಪ್ಯೂಟರ್ ವಿಭಾಗಕ್ಕೆ ಹೋಗುವುದಿಲ್ಲ, ಹಣಕಾಸಿನ ಮುಗ್ಗಟ್ಟಿನಲ್ಲಿರುವ ವಿದ್ಯಾರ್ಥಿಗಳ ನೆರವಿಗಾಗಿ ಒಂದು ನಿಧಿಗೆ ಸೇರುತ್ತದೆ ಎಂದು ವಿಶ್ವವಿದ್ಯಾನಿಲಯ ಪ್ರಕಟಿಸಿತು.